ಗುಂಪು ಕರಗಿ ಒಬ್ಬ ಉಳಿದ: ಆರ್. ಕೆ. ಲಕ್ಷ್ಮಣ್ ಗೆರೆಯಿಂದ ಒಂದು ಪಾಠ

ಗೆಳೆಯರೇ, ರಾತ್ರಿ ಹತ್ತರ ಮೇಲೆ ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ನಡೆದು ಹೋದ್ರೆ ಮೂರು ರೂಮಿಗೆ ಒಂದರಲ್ಲಿ ಅನಿಮೆ ಓಡ್ತಿರುತ್ತೆ. ನರುಟೊ, ಒನ್ ಪೀಸ್ ಹೆಸರು ಗೊತ್ತಿಲ್ಲದವರು ನಮ್ಮ ಬ್ಯಾಚ್‌ನಲ್ಲಿ ಸಿಗೋದೇ ಕಷ್ಟ. ಇವೆಲ್ಲ ಮೊದಲು ಮಾಂಗಾ ಆಗಿ ಬಂದವು, ಅಂದ್ರೆ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆದ ಜಪಾನಿನ ಚಿತ್ರಕಥೆಗಳು. ಅದನ್ನು ಬರೆಯೋ ಕಲಾವಿದರನ್ನ ಅಲ್ಲಿ ಮಾಂಗಾಕಾ ಅಂತಾರೆ.

ಆ ಮಾಂಗಾಕಾಗಳಲ್ಲಿ ಹಿರಿಯರೊಬ್ಬರು ಶಿಗೆರು ಮಿಝುಕಿ. ಹುಟ್ಟಿದ್ದು 1922ರ ಮಾರ್ಚ್‌ನಲ್ಲಿ. ಎರಡನೇ ಮಹಾಯುದ್ಧಕ್ಕೆ ಸೈನಿಕರಾಗಿ ಹೋಗಿ, ಬಾಂಬ್ ದಾಳಿಯಲ್ಲಿ ಎಡಗೈ ಕಳೆದುಕೊಂಡರು. ವಾಪಸ್ ಬಂದು ಉಳಿದ ಒಂದು ಕೈಯಲ್ಲೇ ದೆವ್ವ ಭೂತಗಳ ಚಿತ್ರಕಥೆ ಬರೆದು, ‘ಗೆಗೆಗೆ ನೋ ಕಿಟಾರೋ’ ಮೂಲಕ ಮನೆಮಾತಾದರು. ತೀರಿಕೊಂಡಿದ್ದು 2015ರಲ್ಲಿ, 93ನೇ ವಯಸ್ಸಿನಲ್ಲಿ.

ಹೆಚ್ಚು ಕಮ್ಮಿ ಇದೇ ತಾರೀಖುಗಳ ನಡುವೆ ಬದುಕಿ, ಕೊನೆವರೆಗೂ ಚಿತ್ರ ಬರೆದ ಇನ್ನೊಬ್ಬರು ನಮ್ಮ ಪಕ್ಕದಲ್ಲೇ ಇದ್ದರು. ಮೈಸೂರಿನ ಆರ್. ಕೆ. ಲಕ್ಷ್ಮಣ್. ಹುಟ್ಟಿದ್ದು 24 ಅಕ್ಟೋಬರ್ 1921, ತೀರಿಕೊಂಡಿದ್ದು 26 ಜನವರಿ 2015. ಮಿಝುಕಿಗಿಂತ ಐದು ತಿಂಗಳಷ್ಟು ದೊಡ್ಡವರು, ಹೋಗಿದ್ದು ಅದೇ ವರ್ಷ. ಅವರು ಹುಟ್ಟಿದಾಗ ಮಂಡ್ಯ ಜಿಲ್ಲೆ ಅಂತ ಒಂದು ಇರಲೇ ಇಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲ ಮೈಸೂರು ಜಿಲ್ಲೆಗೇ ಸೇರಿದ್ದವು, ನಮ್ಮ ಜಿಲ್ಲೆ ಬೇರೆಯಾಗಿದ್ದು 1939ರಲ್ಲಿ. ಹಾಗಾಗಿ ‘ಅವರು ನಮ್ಮ ಜಿಲ್ಲೆಯವರೇ’ ಅಂತ ನಾವು ಸ್ವಲ್ಪ ಎದೆ ಉಬ್ಬಿಸಿ ಹೇಳ್ಕೊಂಡ್ರೆ ಇತಿಹಾಸದ ಮೇಷ್ಟ್ರು ಕೂಡ ಪೂರ್ತಿ ತಳ್ಳಿಹಾಕೋಕೆ ಆಗಲ್ಲ!

ಈ ಲೇಖನದಲ್ಲಿ ಅವರ ಜೀವನಚರಿತ್ರೆ ಪೂರ್ತಿ ಹೇಳೋ ಉದ್ದೇಶ ನಮಗಿಲ್ಲ. ಅವರ ಗೆರೆ ಹೇಗೆ ತಯಾರಾಯ್ತು, ಅದರಲ್ಲಿ ನಮ್ಮಂಥ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಏನಿದೆ ಅನ್ನೋದನ್ನ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಓದು ಬರೋದಕ್ಕೆ ಮುಂಚೆ ನೋಟ

ಲಕ್ಷ್ಮಣ್ ಅವರ ತಂದೆ ಹೆಡ್‌ಮಾಸ್ಟರ್. ಮನೆಮಾತು ತಮಿಳು. ದೊಡ್ಡ ಸಂಸಾರದಲ್ಲಿ ಇವರೇ ಕೊನೆಯ ಮಗ. ಅಣ್ಣಂದಿರಲ್ಲಿ ಒಬ್ಬರು ಕಾದಂಬರಿಕಾರ ಆರ್. ಕೆ. ನಾರಾಯಣ್, ಇವರಿಗಿಂತ ಹದಿನೈದು ವರ್ಷ ದೊಡ್ಡವರು. ಮನೆಗೆ ಸ್ಟ್ರಾಂಡ್, ಪಂಚ್, ಬೈಸ್ಟ್ಯಾಂಡರ್ ಅನ್ನೋ ಇಂಗ್ಲಿಷ್ ಪತ್ರಿಕೆಗಳು ಬರ್ತಿದ್ವು. ಪುಟ್ಟ ಲಕ್ಷ್ಮಣ್‌ಗೆ ಇನ್ನೂ ಓದೋಕೆ ಬರ್ತಿರಲಿಲ್ಲ, ಆದ್ರೆ ಆ ಪತ್ರಿಕೆಗಳ ಚಿತ್ರಗಳನ್ನ ಗಂಟೆಗಟ್ಟಲೆ ನೋಡ್ತಾ ಕೂರ್ತಿದ್ದರು. ಸಬ್‌ಟೈಟಲ್ ಓದೋ ವೇಗ ಬರೋದಕ್ಕೆ ಮುಂಚೆ ನಾವು ಕಾರ್ಟೂನ್ ಚಾನೆಲ್ ನೋಡ್ತಿದ್ದ ಹಾಗೆ ಅಂದ್ಕೊಳ್ಳಿ.

ಆಮೇಲೆ ಕೈಗೆ ಸಿಕ್ಕಿದ್ದರಲ್ಲಿ ಬರೆಯೋ ಚಟ ಶುರುವಾಯ್ತು. ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡಲಿಲ್ಲ. ಸ್ಕೂಲಲ್ಲಿ ಒಂದು ದಿನ ಅರಳಿ ಎಲೆಯ ಚಿತ್ರ ಬರೆದಿದ್ದನ್ನ ನೋಡಿ ಮೇಷ್ಟ್ರು ಹೊಗಳಿದರು. ‘ನಾನು ಚಿತ್ರಕಾರ ಆಗಬಹುದು’ ಅನ್ನೋ ಯೋಚನೆ ಅವರಿಗೆ ಬಂದಿದ್ದು ಆಗ. ಒಂದು ಎಲೆ, ಒಂದು ಒಳ್ಳೆ ಮಾತು, ಅಷ್ಟೇ.

ಇಂಗ್ಲೆಂಡಿನ ಹೆಸರಾಂತ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳು ಆಗಾಗ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರ್ತಿದ್ವು. ಲಕ್ಷ್ಮಣ್‌ಗೆ ಅವು ತುಂಬಾ ಇಷ್ಟ. ತಮಾಷೆ ಅಂದ್ರೆ ಆ ಚಿತ್ರದ ಕೆಳಗಿದ್ದ ‘ಲೋ’ ಅನ್ನೋ ಸಹಿಯನ್ನ ತುಂಬಾ ಕಾಲ ‘ಕೌ’ ಅಂತಲೇ ಓದ್ಕೊಂಡಿದ್ದರಂತೆ. ಹಸು ಅನ್ನೋ ಹೆಸರಿನ ಕಲಾವಿದ! ಹೆಸರು ತಪ್ಪಾಗಿ ಓದಿದರೂ ಗೆರೆಯನ್ನ ಮಾತ್ರ ಸರಿಯಾಗೇ ಓದಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ತಮ್ಮ ಆತ್ಮಕಥೆ ‘ದಿ ಟನಲ್ ಆಫ್ ಟೈಮ್’ನಲ್ಲಿ ಲಕ್ಷ್ಮಣ್ ಬಾಲ್ಯದ ಕಿಟಕಿಯಾಚೆ ಕಂಡಿದ್ದನ್ನ ಬರೀತಾರೆ. ಒಣ ಕಡ್ಡಿ, ಎಲೆ, ಹಲ್ಲಿ ಥರದ ಹುಳ ಹುಪ್ಪಟೆ, ಸೌದೆ ಒಡೆಯೋ ಆಳುಗಳು, ಮತ್ತೆ ಮುಖ್ಯವಾಗಿ ಎದುರು ಮನೆ ಚಾವಣಿ ಮೇಲೆ ಬೇರೆ ಬೇರೆ ಭಂಗಿಯಲ್ಲಿ ಕೂತ ಕಾಗೆಗಳು. ಇದರಲ್ಲಿ ವಿಶೇಷವಾದ್ದು ಒಂದೂ ಇಲ್ಲ, ನಮ್ಮ ಕ್ಲಾಸ್‌ರೂಮ್ ಕಿಟಕಿಯಿಂದಲೂ ಇಷ್ಟು ಕಾಣುತ್ತೆ. ಆದ್ರೆ ಅವರು ಅದನ್ನ ನೋಡಿದರು. ಕಾಗೆಯನ್ನಂತೂ ಮುದುಕರಾಗುವವರೆಗೂ ಬಿಡದೆ ಬರೆದರು. ಜಗತ್ತಿಗೆ ಅವರು ರಾಜಕೀಯ ವ್ಯಂಗ್ಯಚಿತ್ರಕಾರ, ತಮ್ಮ ಖುಷಿಗೆ ಮಾತ್ರ ಕಾಗೆ ಚಿತ್ರಕಾರ.

ಮುಚ್ಚಿದ ಬಾಗಿಲು, ತೆರೆದ ಪತ್ರಿಕೆ

ಹೈಸ್ಕೂಲ್ ಮುಗಿದ ಮೇಲೆ ಲಕ್ಷ್ಮಣ್ ಬಾಂಬೆಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ದೇಶದಲ್ಲೇ ದೊಡ್ಡ ಹೆಸರಿದ್ದ ಕಲಾಶಾಲೆ ಅದು. ಅಲ್ಲಿನ ಮುಖ್ಯಸ್ಥರಿಂದ ಬಂದ ಉತ್ತರದ ಸಾರ ಇಷ್ಟು: ನಮ್ಮಲ್ಲಿ ಸೇರೋದಕ್ಕೆ ಬೇಕಾದಂಥ ಪ್ರತಿಭೆ ನಿಮ್ಮ ಚಿತ್ರಗಳಲ್ಲಿ ಕಾಣ್ತಿಲ್ಲ. ಸೀಟಿಲ್ಲ ಅಂದಿದ್ರೆ ಬೇರೆ ಮಾತು, ಪ್ರತಿಭೆಯೇ ಇಲ್ಲ ಅಂದುಬಿಟ್ಟರು.

ಈ ಕಥೆಯನ್ನ ಮೋಟಿವೇಷನ್ ವೀಡಿಯೊಗಳಲ್ಲಿ ‘ಅವರು ಬಿಡಲಿಲ್ಲ, ಗೆದ್ದರು’ ಅಂತ ಮುಗಿಸ್ತಾರೆ. ಆದ್ರೆ ಬಿಡದೆ ಇರೋದಕ್ಕೆ ಹುಡುಗನಿಗೆ ಒಂದು ಜಾಗ ಬೇಕಲ್ವಾ? ಗೋಡೆ ಮೇಲೆ ಎಷ್ಟು ದಿನ ಬರೀತಾನೆ? ಬರೆದಿದ್ದನ್ನ ಯಾರಾದ್ರೂ ಅಚ್ಚು ಹಾಕಬೇಕು, ಇನ್ಯಾರೋ ನೋಡಿ ನಗಬೇಕು. ಆ ಜಾಗ ಎಲ್ಲಿ ಸಿಕ್ತು ಅನ್ನೋದೇ ನಮಗೆ ಮುಖ್ಯವಾದ ಪ್ರಶ್ನೆ.

ಲಕ್ಷ್ಮಣ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು. ಓದ್ತಾ ಇದ್ದಾಗಲೇ ಅಣ್ಣ ನಾರಾಯಣ್ ‘ದಿ ಹಿಂದೂ’ಗೆ ಬರೀತಿದ್ದ ಕಥೆಗಳಿಗೆ ಚಿತ್ರ ಬರೆದುಕೊಟ್ಟರು, ಸ್ಥಳೀಯ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದರು. ಅದೇ ಕಾಲಕ್ಕೆ, 1942ರಲ್ಲಿ, ಕನ್ನಡದಲ್ಲಿ ‘ಕೊರವಂಜಿ’ ಅನ್ನೋ ಹಾಸ್ಯ ಮಾಸಪತ್ರಿಕೆ ಶುರುವಾಯ್ತು. ನಡೆಸ್ತಿದ್ದವರು ಡಾ. ಎಂ. ಶಿವರಾಂ, ಬರೆಯುವಾಗಿನ ಹೆಸರು ರಾಶಿ. ವೃತ್ತಿಯಲ್ಲಿ ಡಾಕ್ಟರು. ನಾ. ಕಸ್ತೂರಿ, ಟಿ. ಸುನಂದಮ್ಮ ಅವರಂಥವರು ಅದಕ್ಕೆ ಬರೀತಿದ್ದರು. ಯುದ್ಧದ ಕಾಲ, ಎಲ್ಲದಕ್ಕೂ ತತ್ವಾರ. ಅಂಥ ಹೊತ್ತಲ್ಲಿ ಜನರನ್ನ ನಗಿಸ್ತೀನಿ ಅಂತ ಹೊರಟ ಪತ್ರಿಕೆ 25 ವರ್ಷ ನಡೀತು, 1967ರವರೆಗೆ.

ಆ ಕೊರವಂಜಿ ಪುಟಗಳಲ್ಲಿ ಲಕ್ಷ್ಮಣ್ ಅವರ ಶುರುವಿನ ವ್ಯಂಗ್ಯಚಿತ್ರಗಳು ಬಂದ್ವು. ದೊಡ್ಡ ಕಲಾಶಾಲೆ ಬೇಡ ಅಂದ ಕೈಗೆ ಒಂದು ಸಣ್ಣ ಕನ್ನಡ ಪತ್ರಿಕೆ ಜಾಗ ಕೊಡ್ತು. ಮುಂದೆ ದೇಶವೇ ನೋಡಿದ ಗೆರೆ ಕನ್ನಡದ ಓದುಗರ ಮುಂದೆ ಪಳಗಿತು ಅನ್ನೋದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಇಂಗ್ಲಿಷ್ ಪತ್ರಿಕೆಯ ಕಲಾವಿದ ಅಂತಷ್ಟೇ ಗೊತ್ತು.

ಟೈಮ್ ಸಾಲದೆ ಹುಟ್ಟಿದ ಮನುಷ್ಯ

ಕಾಲೇಜು ದಿನಗಳ ಒಂದು ರಜೆಯಲ್ಲಿ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದರು, ಈಗಿನ ಲೆಕ್ಕದಲ್ಲಿ ಇಂಟರ್ನ್‌ಶಿಪ್. ಆಮೇಲೆ ಬಾಂಬೆಗೆ ಹೋಗಿ ‘ಫ್ರೀ ಪ್ರೆಸ್ ಜರ್ನಲ್’ ಸೇರಿದರು. ಅಲ್ಲಿ ಅವರ ಜೊತೆ ಕೆಲಸ ಮಾಡ್ತಿದ್ದ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಬಾಳ್ ಠಾಕ್ರೆ, ಹೌದು, ಅವರೇ. ಅಲ್ಲಿಂದ ‘ಟೈಮ್ಸ್ ಆಫ್ ಇಂಡಿಯಾ’. 1951ರಲ್ಲಿ ಆ ಪತ್ರಿಕೆಯಲ್ಲಿ ‘ಯು ಸೆಡ್ ಇಟ್’ ಅನ್ನೋ ಪುಟ್ಟ ಚೌಕದ ವ್ಯಂಗ್ಯಚಿತ್ರ ಶುರುವಾಯ್ತು. ಅದರಲ್ಲಿ ದಿನಾ ಕಾಣಿಸ್ಕೊಂಡವನೇ ‘ಕಾಮನ್ ಮ್ಯಾನ್’. ಪಂಚೆ, ಚೌಕಳಿ ಕೋಟು, ಕನ್ನಡಕ, ಬೋಳು ತಲೆಯ ಎರಡು ಪಕ್ಕ ಒಂದಿಷ್ಟು ಬಿಳಿ ಕೂದಲು, ಪೊದೆ ಮೀಸೆ.

ಈ ಮನುಷ್ಯ ಹೇಗೆ ಹುಟ್ಟಿದ ಅನ್ನೋದು ನಮಗೆ ತುಂಬಾ ಇಷ್ಟವಾದ ಭಾಗ. ಭಾರತದ ಸಾಮಾನ್ಯ ಜನರನ್ನ ಚಿತ್ರದಲ್ಲಿ ತೋರಿಸಬೇಕು ಅಂದ್ರೆ ಯಾರನ್ನ ತೋರಿಸೋದು? ಮೊದಮೊದಲು ಲಕ್ಷ್ಮಣ್ ಎಲ್ಲರನ್ನೂ ಬರೀತಿದ್ದರು. ಬಂಗಾಳಿ, ತಮಿಳ, ಪಂಜಾಬಿ ಹೀಗೆ ಒಂದೊಂದು ರಾಜ್ಯದವರನ್ನ ಅವರವರ ವೇಷದಲ್ಲಿ ಗುಂಪಾಗಿ ನಿಲ್ಲಿಸ್ತಿದ್ದರು. ನೋಡೋಕೆ ಚೆನ್ನಾಗಿತ್ತು. ಆದ್ರೆ ಪತ್ರಿಕೆ ಪ್ರೆಸ್‌ಗೆ ಹೋಗೋ ಹೊತ್ತು ಯಾರಿಗೂ ಕಾಯಲ್ಲ. ಅಷ್ಟು ಜನರನ್ನ ಬರೆಯೋಕೆ ಟೈಮ್ ಸಾಲದೆ ಗುಂಪಲ್ಲಿ ಒಬ್ಬೊಬ್ಬರೇ ಕಮ್ಮಿಯಾಗ್ತಾ ಬಂದರು. ಹತ್ತು ಆರಾಯ್ತು, ಆರು ಮೂರಾಯ್ತು ಅನ್ನೋ ಥರ. ಕೊನೆಗೆ ಒಬ್ಬ ಉಳಿದ, ಅವನೇ ಕಾಮನ್ ಮ್ಯಾನ್.

ಇದನ್ನ ನಮ್ಮ ಭಾಷೇಲಿ ಹೇಳೋಣ. ಇನ್‌ಪುಟ್ ಇಡೀ ದೇಶದ ಜನ, ಲಿಮಿಟ್ ಎರಡು: ಸಂಜೆಯ ಡೆಡ್‌ಲೈನ್ ಮತ್ತು ಒಂದು ಕಾಲಮ್ಮಿನ ಚೌಕ. ಈ ಲಿಮಿಟ್ ಒಳಗೆ ಯಾವುದು ತೆಗೆದರೂ ಅರ್ಥ ಕೆಡಲ್ಲವೋ ಅದನ್ನೆಲ್ಲ ತೆಗೀತಾ ಹೋಗಬೇಕು. ಯಾವುದು ತೆಗೆದ್ರೆ ಕೆಡುತ್ತೋ ಅದು ಉಳೀಬೇಕು. ಡಿಸೈನ್ ಕ್ಲಾಸಲ್ಲಿ ನಮಗೆ ಹೇಳಿಕೊಡೋದೂ ಇದೇ ತಾನೇ? ನಾವು ಡೆಡ್‌ಲೈನ್ ಅಂದ್ರೆ ಶತ್ರು ಅಂದ್ಕೊಳ್ತೀವಿ. ಲಕ್ಷ್ಮಣ್ ವಿಷಯದಲ್ಲಿ ಬೇಡವಾದ್ದನ್ನ ಕತ್ತರಿಸಿ ಕೊಟ್ಟಿದ್ದು ಆ ಡೆಡ್‌ಲೈನೇ. ಟೈಮ್ ಬೇಕಾದಷ್ಟು ಇದ್ದಿದ್ರೆ ಅವರು ಗುಂಪನ್ನೇ ಬರೀತಾ ಇರ್ತಿದ್ದರೇನೋ!

ಹಾಗಂತ ಯಾರು ಬೇಕಾದ್ರೂ ಹೀಗೆ ಕತ್ತರಿಸೋಕಾಗಲ್ಲ. ಹತ್ತು ಜನರನ್ನ ಸರಿಯಾಗಿ ನೋಡಿ, ಬರೆದು ಗೊತ್ತಿದ್ದವರಿಗೆ ಮಾತ್ರ ಆ ಹತ್ತರಲ್ಲೂ ಇರೋ ಒಬ್ಬ ಯಾರು ಅಂತ ಹೊಳೆಯುತ್ತೆ. ಕಿಟಕಿ ಪಕ್ಕ ಕೂತು ಕಾಗೆ ನೋಡಿದ ವರ್ಷಗಳು ಕೆಲಸಕ್ಕೆ ಬಂದಿದ್ದು ಇಲ್ಲಿ.

ಮಾತಾಡದ ವೋಲ್ಟ್‌ಮೀಟರ್

ಕಾಮನ್ ಮ್ಯಾನ್ ಮಾತಾಡಲ್ಲ. ಐವತ್ತು ವರ್ಷ ಮಂತ್ರಿಗಳ ಸಭೆ, ಆಫೀಸು, ಆಸ್ಪತ್ರೆ, ಕ್ಯೂ, ಗುಂಡಿ ಬಿದ್ದ ರಸ್ತೆ ಎಲ್ಲ ಕಡೆ ನಿಂತು ನೋಡಿದ, ಅಷ್ಟೇ. ಮಾತಾಡೋರು ಬೇರೆಯವರು. ಅಧಿಕಾರಿ, ರಾಜಕಾರಣಿ, ಕೆಲವು ಸಲ ಅವನ ಹೆಂಡತಿ. ಚಿತ್ರದ ಕೆಳಗೆ ಅವರ ಒಂದು ವಾಕ್ಯ ಇರುತ್ತೆ. ಆ ವಾಕ್ಯಕ್ಕೂ ಚಿತ್ರದಲ್ಲಿ ಕಾಣೋದಕ್ಕೂ ತಾಳೆ ಆಗಲ್ಲ. ನಗು ಬರೋದು ಆ ಸಂದಿಯಲ್ಲಿ.

ಅವನು ಯಾಕೆ ಮಾತಾಡಲ್ಲ? ಬೇಸಿಕ್ ಎಲೆಕ್ಟ್ರಿಕಲ್ ಲ್ಯಾಬ್ ನೆನಪಿಸ್ಕೊಳ್ಳಿ. ಒಳ್ಳೆ ವೋಲ್ಟ್‌ಮೀಟರ್‌ಗೆ ರೆಸಿಸ್ಟೆನ್ಸ್ ತುಂಬಾ ಜಾಸ್ತಿ ಇರಬೇಕು, ಅದು ಸರ್ಕ್ಯೂಟ್‌ನಿಂದ ಕರೆಂಟ್ ಎಳೀಬಾರದು. ಎಳೆದ್ರೆ ಅಳೆಯಬೇಕಾದ್ದೇ ಬದಲಾಗಿಬಿಡುತ್ತೆ. ಕಾಮನ್ ಮ್ಯಾನ್ ಅಂಥ ಮೀಟರ್. ಅವನೇ ಬಾಯಿಬಿಟ್ಟು ‘ಇದು ಅನ್ಯಾಯ’ ಅಂದಿದ್ರೆ ನಾವು ಅವನ ಅಭಿಪ್ರಾಯ ಓದ್ತಿದ್ವಿ. ಅವನು ಸುಮ್ಮನೆ ನಿಂತಿದ್ದರಿಂದ ಅವನ ಪಕ್ಕ ನಾವು ಹೋಗಿ ನಿಲ್ತೀವಿ, ‘ಅನ್ಯಾಯ’ ಅಂತ ನಾವೇ ಹೇಳ್ಕೊಳ್ತೀವಿ.

ಮಿಝುಕಿ ಅವರ ಚಿತ್ರದಲ್ಲೂ ಇಂಥದ್ದೊಂದು ಉಪಾಯ ಇದೆ. ಕಾಡು, ಹಳೆ ಮನೆ, ಬೀದಿ ಇವನ್ನ ಫೋಟೋ ಥರ ಗೆರೆ ಗೆರೆ ಬಿಡದೆ ಬರೀತಾರೆ. ಅದರ ಮುಂದೆ ನಿಂತ ಮನುಷ್ಯನ ಮುಖ ಮಾತ್ರ ತುಂಬಾ ಸರಳ. ಮುಖ ಸರಳವಾಗಿದ್ದಷ್ಟೂ ಓದುಗ ಅದರೊಳಗೆ ಸುಲಭವಾಗಿ ಹೊಕ್ಕುಬಿಡ್ತಾನೆ. ಜಪಾನಿನವರು ನೂರಾರು ಪುಟದ ಕಥೆಯಲ್ಲಿ ಮಾಡಿದ್ದನ್ನ ಮೈಸೂರಿನವರು ಒಂದೇ ಚೌಕದಲ್ಲಿ, ಮಾತಿಲ್ಲದ ಒಬ್ಬನಿಂದ ಮಾಡಿದರು.

ಕನ್ನಡದಲ್ಲಿ ಈ ಕಾಮನ್ ಮ್ಯಾನ್‌ಗೆ ‘ಶ್ರೀಸಾಮಾನ್ಯ’ ಅಂತೀವಿ. ಅದೇ ಮಹಾರಾಜ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ ಕುವೆಂಪು ತಮ್ಮ ಬರಹದಲ್ಲಿ ಎತ್ತಿ ಹಿಡಿದ ಪದ ಅದು. ಇಂಗ್ಲಿಷಿನ ‘ಕಾಮನ್’ ಪದದಲ್ಲಿ ‘ಏನೂ ವಿಶೇಷ ಇಲ್ಲ’ ಅನ್ನೋ ಧ್ವನಿ ಇದೆ. ಕನ್ನಡದಲ್ಲಿ ಮುಂದೆ ಒಂದು ‘ಶ್ರೀ’ ಸೇರಿದ ಕೂಡ್ಲೇ ಅವನಿಗೆ ಮರ್ಯಾದೆ ಬರುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮಗೆ ಈ ವ್ಯತ್ಯಾಸ ಕಂಡಾಗ ಖುಷಿಯಾಯ್ತು. ಲಕ್ಷ್ಮಣ್ ಚಿತ್ರದಲ್ಲೂ ಅವನನ್ನ ನೋಡಿ ನಾವು ನಗಲ್ಲ, ಅವನ ಸುತ್ತ ಇರೋರನ್ನ ನೋಡಿ ನಗ್ತೀವಿ. ಹಾಗಾಗಿ ಕನ್ನಡದ ಪದವೇ ಅವನಿಗೆ ಹೆಚ್ಚು ಒಪ್ಪುತ್ತೆ.

ಐವತ್ತು ವರ್ಷದ ಲೆಕ್ಕ

ಒಂದು ಅಂದಾಜು ಹಾಕೋಣ. ವಾರಕ್ಕೆ ಆರು ಚಿತ್ರ ಅಂದ್ರೆ ವರ್ಷಕ್ಕೆ ಸುಮಾರು 300. ಐವತ್ತು ವರ್ಷಕ್ಕೆ 15,000. ರಜೆ, ಜ್ವರ ಅಂತ ಒಂದಿಷ್ಟು ಕಳೆದರೂ ಹತ್ತು ಸಾವಿರದ ಮೇಲೆ ಬರುತ್ತೆ. ಇದು ನಮ್ಮ ಲೆಕ್ಕ, ದಾಖಲೆ ಅಲ್ಲ. ಆದ್ರೆ ಪ್ರತಿಯೊಂದಕ್ಕೂ ಒಂದು ಹೊಸ ಯೋಚನೆ ಬೇಕು ಅನ್ನೋದನ್ನ ನೆನಪಿಟ್ಕೊಂಡು ಈ ಸಂಖ್ಯೆ ನೋಡಿ. ನಮಗೆ ವಾರಕ್ಕೊಂದು ಲ್ಯಾಬ್ ರೆಕಾರ್ಡ್ ಬರೆಯೋಕೇ ಬೆವರು ಬರುತ್ತೆ, ಅದೂ ಸೀನಿಯರ್ ರೆಕಾರ್ಡ್ ಪಕ್ಕದಲ್ಲಿ ಇಟ್ಕೊಂಡು.

ಇದರ ನಡುವೆ ಬೇರೆ ಕೆಲಸವೂ ನಡೀತು. 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ‘ಗಟ್ಟು’ ಅನ್ನೋ ತುಂಟ ಹುಡುಗನನ್ನ ಬರೆದುಕೊಟ್ಟರು. ಕೈಯಲ್ಲಿ ಬಣ್ಣದ ಡಬ್ಬ, ಬ್ರಷ್ ಹಿಡಿದ ಆ ಹುಡುಗನನ್ನ ನಮ್ಮ ಅಪ್ಪ ಅಮ್ಮಂದಿರು ಪೇಂಟ್ ಅಂಗಡಿಗಳಲ್ಲಿ ನೋಡಿರ್ತಾರೆ, ಕೇಳಿ ನೋಡಿ. ಶಂಕರ್ ನಾಗ್ ನಿರ್ದೇಶಿಸಿ, ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶುರುವಿನಲ್ಲಿ ಬರೋ ರೇಖಾಚಿತ್ರಗಳು ಲಕ್ಷ್ಮಣ್ ಅವರದ್ದು. ಕಥೆ ಅಣ್ಣನದು, ಚಿತ್ರ ತಮ್ಮನದು. ಚಿಕ್ಕಂದಿನಲ್ಲಿ ಲಕ್ಷ್ಮಣ್ ತಮ್ಮ ಬೀದಿಯ ಕ್ರಿಕೆಟ್ ಟೀಮಿಗೆ ಕ್ಯಾಪ್ಟನ್. ಆ ತರಲೆಗಳನ್ನೇ ಅಣ್ಣ ಕಥೆ ಮಾಡಿದ್ದರು. ಮನೆಯಲ್ಲಿ ಬರಹಗಾರರು ಇದ್ರೆ ಹುಷಾರಾಗಿರಬೇಕು!

1973ರಲ್ಲಿ ಪದ್ಮಭೂಷಣ, 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದ್ವು. ಪ್ರಶಸ್ತಿಗಿಂತ ನಮಗೆ ದೊಡ್ಡದಾಗಿ ಕಂಡಿದ್ದು 2003ರ ಮಾತು. ಆ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ವಯಸ್ಸು ಎಂಬತ್ತು ದಾಟಿತ್ತು. ‘ಸಾಕಪ್ಪಾ’ ಅಂತ ಕೂತಿದ್ದರೂ ಯಾರೂ ಏನೂ ಅಂತಿರಲಿಲ್ಲ. ಆದ್ರೆ ಅವರು ಮತ್ತೆ ಚಿತ್ರ ಬರೆದರು. ಮಿಝುಕಿಗೆ ಎಡಗೈ ಹೋಗಿದ್ದು ಇಪ್ಪತ್ತರ ಹರೆಯದಲ್ಲಿ, ಲಕ್ಷ್ಮಣ್‌ಗೆ ಎಡಭಾಗ ಕೈಕೊಟ್ಟಿದ್ದು ಎಂಬತ್ತರಲ್ಲಿ. ಇಬ್ಬರೂ ಉಳಿದ ಕೈಯಲ್ಲಿ ಕೆಲಸ ಮುಂದುವರಿಸಿದರು.

ಇನ್ನೊಂದು ಹೋಲಿಕೆ. ಮಿಝುಕಿ ಬೆಳೆದ ಸಕಾಯಿಮಿನಾಟೊ ಊರಿನ ಬೀದಿಯಲ್ಲಿ ಅವರ ಭೂತಗಳ ಕಂಚಿನ ಪ್ರತಿಮೆಗಳು ಸಾಲಾಗಿ ನಿಂತಿವೆ, ಅವನ್ನ ನೋಡೋಕೆ ಅಂತಲೇ ಜನ ಹೋಗ್ತಾರೆ. ನಮ್ಮ ಕಾಮನ್ ಮ್ಯಾನ್‌ನ ಕಂಚಿನ ಪ್ರತಿಮೆ ಪುಣೆಯ ಸಿಂಬಯಾಸಿಸ್ ಕ್ಯಾಂಪಸ್‌ನಲ್ಲಿದೆ. ಸಾಮಾನ್ಯವಾಗಿ ಪ್ರತಿಮೆ ಮಾಡೋದು ರಾಜರಿಗೆ, ನಾಯಕರಿಗೆ. ಇಲ್ಲಿ ಕ್ಯೂನಲ್ಲಿ ನಿಂತಿದ್ದವನಿಗೇ ಪ್ರತಿಮೆ ಆಗಿದೆ.

ನಾವೂ ಮಾಡಿ ನೋಡೋಣ

ಓದಿ ‘ಸೂಪರ್’ ಅಂದು ಸ್ಕ್ರೋಲ್ ಮಾಡಿದ್ರೆ ಪಾಠ ಅಲ್ಲಿಗೇ ಮುಗೀತು. ಹಾಗಾಗಿ ಮೂರು ಅಭ್ಯಾಸ ಕೊಡ್ತಿದ್ದೀವಿ. ಚಿತ್ರ ಚೆನ್ನಾಗಿ ಬರಬೇಕು ಅಂತೇನಿಲ್ಲ, ಪೆನ್ಸಿಲ್, ರಫ್ ಬುಕ್ ಇದ್ದರೆ ಸಾಕು. ಫೋನಲ್ಲಿ ಫೋಟೋ ತೆಗೆದು ಆಮೇಲೆ ನೋಡಿ ಬರೆಯೋದು ಮಾತ್ರ ಬೇಡ. ಫೋಟೋ ತೆಗೆದ ಕೂಡ್ಲೇ ಕಣ್ಣು ನೋಡೋದನ್ನ ನಿಲ್ಲಿಸಿಬಿಡುತ್ತೆ.

ಒಂದು, ಕಾಗೆ. ಕ್ಯಾಂಟೀನ್ ಹಿಂದೆ ಬೇಕಾದಷ್ಟಿವೆ. ಹತ್ತು ನಿಮಿಷದಲ್ಲಿ ಒಂದೇ ಕಾಗೆಯ ಐದು ಭಂಗಿ ಬರೀರಿ. ಅದು ಕತ್ತು ತಿರುಗಿಸೋ ರೀತಿ, ಕುಪ್ಪಳಿಸುವಾಗ ಕಾಲು ಹೇಗಿರುತ್ತೆ ಅನ್ನೋದನ್ನ ಇಷ್ಟು ವರ್ಷ ನೋಡೇ ಇರಲಿಲ್ಲ ಅಂತ ಅನ್ನಿಸುತ್ತೆ.

ಎರಡು, ಗುಂಪು ಕರಗಿಸೋದು. ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯೋರನ್ನ ನೋಡಿ. ಟೊಮೇಟೊ ಕ್ರೇಟ್ ಮೇಲೆ ಕೂತವರು, ಆಸ್ಪತ್ರೆ ಫೈಲ್ ಹಿಡಿದ ಅಜ್ಜಿ, ಬ್ಯಾಗ್ ಹೊತ್ತ ಪಿಯು ಹುಡುಗರು, ಟವೆಲ್ ಹೆಗಲ ಮೇಲೆ ಹಾಕಿದ ರೈತರು. ಮೊದಲು ಹತ್ತು ಜನರನ್ನ ಬರೀರಿ, ಅರ್ಧ ಗಂಟೆ ತಗೊಳ್ಳಿ. ಆಮೇಲೆ ಹತ್ತು ನಿಮಿಷದಲ್ಲಿ ನಾಲ್ಕು ಜನ. ಕೊನೆಗೆ ಎರಡೇ ನಿಮಿಷದಲ್ಲಿ ಒಬ್ಬರು. ಆ ಒಬ್ಬರನ್ನ ನೋಡಿದ್ರೆ ಇದು ಮಂಡ್ಯ ಅಂತ ಗೊತ್ತಾಗಬೇಕು. ಯಾರನ್ನ ಉಳಿಸ್ತೀರಿ? ರೈತರನ್ನೇ ಅಂತ ತಕ್ಷಣ ಅನ್ಸುತ್ತೆ. ಅಜ್ಜಿ ಯಾಕಲ್ಲ? ಲಕ್ಷ್ಮಣ್ ಗುಂಪಿನಲ್ಲಿ ಕೊನೆಗೆ ಉಳಿದಿದ್ದು ಗಂಡಸು. ನಮ್ಮದರಲ್ಲಿ ಹೆಂಗಸು ಉಳಿದ್ರೆ ಚಿತ್ರ ಹೇಗೆ ಬದಲಾಗುತ್ತೆ ಅಂತ ನೋಡಬಹುದು.

ಮೂರು, ಮಾತು ಬೇರೆಯವರದ್ದು. ಮದ್ದೂರು ಸ್ಟೇಷನ್ ಪ್ಲಾಟ್‌ಫಾರ್ಮ್ ಆಗಬಹುದು, ಊರಿನ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಬೆಂಕಿ ಕಾಯೋ ಜಾಗ ಆಗಬಹುದು, ನೀರು ಬಿಟ್ಟಿಲ್ಲದ ನಾಲೆ ಏರಿ ಆಗಬಹುದು. ನೀವು ಉಳಿಸ್ಕೊಂಡ ಆ ಒಬ್ಬರನ್ನ ಅಲ್ಲಿ ನಿಲ್ಲಿಸಿ. ಅವರು ಮಾತಾಡಬಾರದು. ಪಕ್ಕದಲ್ಲಿ ಇನ್ನೊಬ್ಬರು ಒಂದೇ ಒಂದು ವಾಕ್ಯ ಹೇಳಬೇಕು, ಕನ್ನಡದಲ್ಲಿ, ನಮ್ಮ ಕಡೆ ಮಾತಾಡೋ ಹಾಗೇ. ‘ಏನಣ್ಣೋ’ ಅಂತ ಶುರುವಾದ್ರೂ ಪರವಾಗಿಲ್ಲ. ಹತ್ತು ಪದ ಮೀರಬಾರದು.

ನಮ್ಮ ಕಾಲೇಜಿನಲ್ಲಿ ಚಿತ್ರ ಬರೆಯೋರು ಇಲ್ಲ ಅನ್ನೋ ಹಾಗಿಲ್ಲ. ನೋಟ್ಸ್‌ನ ಕೊನೇ ಪುಟಗಳನ್ನ ತಿರುವಿ ಹಾಕಿದ್ರೆ ಸಾಕು, ಲೆಕ್ಚರರ್ ಮುಖಗಳು, ಗೋಕು, ಲೂಫಿ, ಸುಮ್ಮನೆ ಗೀಚಿದ ಕಣ್ಣುಗಳು ಎಲ್ಲ ಸಿಗುತ್ತೆ. ಸೆಮ್ ಮುಗಿದ ಮೇಲೆ ಆ ನೋಟ್ಸ್ ಹಳೆ ಪೇಪರ್ ಅಂಗಡಿಗೆ ಹೋಗುತ್ತೆ, ಚಿತ್ರವೂ ಅದರ ಜೊತೆ ಹೋಗುತ್ತೆ. ಹಾಗೆ ಬರೆದ ಎಲ್ಲರೂ ಲಕ್ಷ್ಮಣ್ ಆಗ್ತಾರೆ ಅಂತ ನಾವು ಹೇಳ್ತಿಲ್ಲ. ಆದ್ರೆ 1942ರಲ್ಲಿ ಕೊರವಂಜಿ ನಡೆಸ್ತಿದ್ದವರಿಗೂ, ಈ ಕಾಲೇಜು ಹುಡುಗ ಮುಂದೆ ಏನಾಗ್ತಾನೆ ಅಂತ ಗೊತ್ತಿರಲಿಲ್ಲ. ಅವರು ಮಾಡಿದ್ದು ಅಚ್ಚು ಹಾಕಿದ್ದು ಮಾತ್ರ.

ನಮ್ಮ ಪತ್ರಿಕೆಯಲ್ಲಿ ಕವನಕ್ಕೆ ಜಾಗ ಇದೆ, ಲೇಖನಕ್ಕೆ ಜಾಗ ಇದೆ. ಮುಂದಿನ ಸಂಚಿಕೆಯಿಂದ ಒಂದು ಪುಟ ಗೆರೆಗಳಿಗೆ ಬಿಟ್ಟಿರ್ತೀವಿ. ಮೂರನೇ ಅಭ್ಯಾಸದ ಚಿತ್ರ ಆದ್ರೆ ತುಂಬಾ ಸಂತೋಷ, ಬರೀ ಕಾಗೆ ಆದ್ರೂ ಹಾಕ್ತೀವಿ. ಇಂಟರ್ನಲ್ಸ್ ಮುಗಿದ ವಾರದೊಳಗೆ ಕನ್ನಡ ಸಂಘದ ಯಾರ ಕೈಗಾದ್ರೂ ಕೊಡಿ. ಸಹಿ ಮಾತ್ರ ಬಿಡಿಸಿ ಹಾಕಿ, ಇಲ್ಲಾಂದ್ರೆ ನಿಮ್ಮನ್ನೂ ಯಾರಾದ್ರೂ ಹಸು ಅಂದ್ಕೊಂಡಾರು!